ಪುಸ್ತಕ ಕಪಾಟಿನಲ್ಲಿದೆ, ಕಂಪ್ಯೂಟರ್‌ನಲ್ಲಿ ಸಿಗುವುದಿಲ್ಲ. ಯಾಕೆ?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನ ಕೆರೆಗಳ ಇತಿಹಾಸದ ಮೇಲೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ನಮ್ಮ ವಿಶ್ವವಿದ್ಯಾಲಯದ ಲೈಬ್ರರಿಯ ಕಂಪ್ಯೂಟರ್‌ನಲ್ಲಿ ‘ಕೆರೆ’ ಅಂತ ಹುಡುಕಿದೆ. ಮೂರೇ ಪುಸ್ತಕ ಬಂದವು. ಆಮೇಲೆ ಸ್ಟ್ಯಾಕ್‌ನಲ್ಲಿ, ಅಂದರೆ ಪುಸ್ತಕದ ಕಪಾಟುಗಳ ನಡುವೆ, ಸುಮ್ನೆ ಓಡಾಡುವಾಗ ಅದೇ ವಿಷಯದ ಹತ್ತಾರು ಪುಸ್ತಕ ಕಣ್ಣಿಗೆ ಬಿದ್ದವು, ಒಂದೊಂದೂ ಒಂದೊಂದು ಮೂಲೆಯಲ್ಲಿ. ಪುಸ್ತಕ ಇದ್ದೂ ಕ್ಯಾಟಲಾಗ್‌ನಲ್ಲಿ ಯಾಕೆ ಸಿಗುವುದಿಲ್ಲ? ಯಾವ ಪುಸ್ತಕದ ಬಗ್ಗೆ ಏನು ಬರೆಯಬೇಕು, ಎಲ್ಲಿ ಇಡಬೇಕು ಅಂತ ನೀವು ಹೇಗೆ ತೀರ್ಮಾನ ಮಾಡುತ್ತೀರಿ? ಇನ್ನೊಂದು ವಿಷಯ. ನಮ್ಮ ತಾತ ಶಾನುಭೋಗರಾಗಿದ್ದರು. ಅವರ ಎರಡು ಟ್ರಂಕ್ ಕಾಗದಪತ್ರ ಮನೆಯಲ್ಲಿವೆ. ಲೈಬ್ರರಿಗೆ ಕೊಟ್ಟರೆ ಅವೂ ಹೀಗೇ ಕಳೆದುಹೋಗುತ್ತವಾ?

ಉತ್ತರ: ನಿಮ್ಮ ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ವಿಶ್ವವಿದ್ಯಾಲಯದ ಲೈಬ್ರರಿಗಳಲ್ಲಿ ಪುಸ್ತಕಗಳ ವಿವರ ಬರೆದು ನಂಬರ್ ಕೊಡುವ ಟೆಕ್ನಿಕಲ್ ಸೆಕ್ಷನ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದವಳು ನಾನು. ನೀವು ಹೇಳಿದ್ದು ನಡೆಯುತ್ತದೆ. ಪುಸ್ತಕ ಕದ್ದು ಹೋಗುವುದಕ್ಕಿಂತ, ಗೆದ್ದಲು ಹಿಡಿಯುವುದಕ್ಕಿಂತ ಜಾಸ್ತಿ, ಅದರ ಬಗ್ಗೆ ಸರಿಯಾಗಿ ಬರೆಯದೆ ಇರುವುದರಿಂದಲೇ ಕಳೆದುಹೋಗುತ್ತದೆ. ಕಪಾಟಿನಲ್ಲಿ ಕೂತಿರುತ್ತದೆ, ಆದರೆ ಯಾರಿಗೂ ಇಲ್ಲ.

ಮೊದಲು ನಿಮ್ಮ ‘ಕೆರೆ’ಯನ್ನೇ ತೆಗೆದುಕೊಳ್ಳೋಣ. ಕ್ಯಾಟಲಾಗ್ ಹುಡುಕುವ ತಂತ್ರಾಂಶಕ್ಕೆ ಕನ್ನಡದ ವಿಭಕ್ತಿ ಪ್ರತ್ಯಯ ಗೊತ್ತಿಲ್ಲ. ‘ಕೆರೆ’ ಅಂತ ಕೊಟ್ಟರೆ ಅಷ್ಟನ್ನೇ ಹುಡುಕುತ್ತದೆ. ‘ಕೆರೆಗಳು’, ‘ಕೆರೆಯ’, ‘ಕೆರೆಗಳಲ್ಲಿ’ ಎಲ್ಲವೂ ಅದರ ಲೆಕ್ಕದಲ್ಲಿ ಬೇರೆ ಬೇರೆ ಪದ. ಕನ್ನಡದ ಪುಸ್ತಕದ ಹೆಸರಿನಲ್ಲಿ ಬರಿಯ ‘ಕೆರೆ’ ಬರುವುದು ಎಷ್ಟು ಸಲ ಹೇಳಿ? ಇನ್ನು ಮುಂದೆ ಪದದ ಕೊನೆಗೆ ಒಂದು ನಕ್ಷತ್ರ ಚಿಹ್ನೆ ಹಾಕಿ ನೋಡಿ: ಕೆರೆ*. ಬಹಳಷ್ಟು ಕಡೆ ಇದು ಕೆಲಸ ಮಾಡುತ್ತದೆ. ‘ಬೆಂಗಳೂರು’ ಅಂತ ಪೂರ್ತಿ ಬರೆಯಬೇಡಿ, ಬೆಂಗಳೂರ* ಅಂತ ಬರೆಯಿರಿ. ಕೊನೆಯ ‘ರು’ ಬಿಟ್ಟು ‘ರ’ಕ್ಕೆ ನಿಲ್ಲಿಸಿದರೆ ‘ಬೆಂಗಳೂರಿನ’, ‘ಬೆಂಗಳೂರಲ್ಲಿ’ ಎರಡೂ ಬಲೆಗೆ ಬೀಳುತ್ತವೆ. ಅಷ್ಟಕ್ಕೇ ನಿಮ್ಮ ಮೂರು ಪುಸ್ತಕ ಹನ್ನೆರಡು ಆದರೆ ನನಗೆ ಆಶ್ಚರ್ಯವಿಲ್ಲ.

ಎರಡನೆಯದು ಲಿಪಿ. ನಮ್ಮ ಎಷ್ಟೋ ಲೈಬ್ರರಿಗಳಲ್ಲಿ ಕನ್ನಡ ಪುಸ್ತಕದ ವಿವರವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದಾರೆ. ಕಂಪ್ಯೂಟರ್ ಬಂದ ಹೊಸದರಲ್ಲಿ ಬೇರೆ ದಾರಿ ಇರಲಿಲ್ಲ ಅನ್ನಬಹುದು. ಆದರೆ ಹಾಗೆ ಬರೆಯುವುದಕ್ಕೂ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ‘ಳ’ಕ್ಕೆ ಎಲ್ ಅಕ್ಷರದ ಕೆಳಗೆ ಚುಕ್ಕೆ, ದೀರ್ಘಕ್ಕೆ ಸ್ವರದ ಮೇಲೆ ಅಡ್ಡಗೆರೆ, ಹೀಗೆ. ಅದನ್ನು ಪಾಲಿಸಿದವರು ಕಡಿಮೆ. ಒಬ್ಬರು ದೀರ್ಘಕ್ಕೆ ಎರಡು ‘ಎ’ ಹಾಕಿದರು, ಇನ್ನೊಬ್ಬರು ಒಂದೇ ಹಾಕಿದರು, ಮತ್ತೊಬ್ಬರು ‘ತ’ಕ್ಕೆ ಎಚ್ ಸೇರಿಸಿದರು. ಒಂದೇ ಪುಸ್ತಕದ ಎರಡು ಪ್ರತಿ ಎರಡು ಹೆಸರಿನಲ್ಲಿ ಕೂತವು. ಆಮೇಲೆ ಕನ್ನಡದಲ್ಲೇ ಟೈಪ್ ಮಾಡುವ ಕಾಲ ಬಂತು. ಆದರೆ ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ ಯೂನಿಕೋಡ್ ಎಲ್ಲ ಕಡೆ ಬರುವ ಮುಂಚೆ ‘ನುಡಿ’, ‘ಬರಹ’ ಅನ್ನುವ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಮಾಡಿದ ಕೆಲಸ ಬಹಳ ಇತ್ತು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಬರಿಯ ಚಿತ್ರವಿಚಿತ್ರ ಗುರುತು. ಯೂನಿಕೋಡ್‌ನಲ್ಲೂ ಸಣ್ಣ ಮುಳ್ಳುಗಳಿವೆ. ‘ಸೂರ್ಯ’ ಅನ್ನುವುದನ್ನು ಅರ್ಕಾವತ್ತು ಹಾಕಿಯೂ ಬರೆಯಬಹುದು, ರಕಾರಕ್ಕೆ ಯ ಒತ್ತು ಕೊಟ್ಟೂ ಬರೆಯಬಹುದು. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಕ್ಷರ ಸೂಚಕ ನಡುವೆ ಕೂತಿರುತ್ತದೆ. ಓದುವ ನಮಗೆ ಎರಡೂ ಒಂದೇ ಪದ. ಯಂತ್ರಕ್ಕೆ ಎರಡು.

ಇಷ್ಟು ತುರ್ತು ಚಿಕಿತ್ಸೆ. ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ.

ಪುಸ್ತಕ ಲೈಬ್ರರಿಗೆ ಬಂದ ಕೂಡಲೇ ಅಕ್ಸೆಷನ್ ರಿಜಿಸ್ಟರ್‌ಗೆ ಏರುತ್ತದೆ. ಕ್ರಮಸಂಖ್ಯೆ, ತಾರೀಕು, ಲೇಖಕರು, ಹೆಸರು, ಪ್ರಕಾಶಕರು, ಬಿಲ್ ನಂಬರ್, ಬೆಲೆ. ಆ ನಂಬರನ್ನು ಹೆಸರುಪುಟದ ಹಿಂದೆ ಬರೆದು, ಸೀಲ್ ಹೊಡೆದು, ಒಳಗೆ ಒಂದು ಗುಟ್ಟಿನ ಪುಟದಲ್ಲೂ ಬರೆಯುತ್ತಾರೆ. ಅದು ಪ್ರತಿ ಲೈಬ್ರರಿಗೂ ಒಂದು ಗೊತ್ತಾದ ಪುಟ. ಯಾರಾದರೂ ಮೊದಲ ಪುಟ ಹರಿದರೂ ಪುಸ್ತಕ ಯಾರದು ಅಂತ ಗೊತ್ತಾಗಲಿ ಅಂತ. ಇದೆಲ್ಲ ಆಡಿಟ್‌ಗಾಗಿ, ಆಸ್ತಿಯ ಲೆಕ್ಕಕ್ಕಾಗಿ. ಓದುಗರಿಗೆ ಇದರಿಂದ ಏನೂ ಸಿಗುವುದಿಲ್ಲ. ಬೇಜಾರಿನ ಸಂಗತಿ ಅಂದರೆ ಕೆಲವು ಕಡೆ ಕೆಲಸ ಇಲ್ಲಿಗೇ ನಿಲ್ಲುತ್ತದೆ. ರಿಜಿಸ್ಟರ್‌ನ ಆ ಆರೇಳು ಕಾಲಮ್ಮನ್ನೇ ಕಂಪ್ಯೂಟರ್‌ಗೆ ತುಂಬಿ ‘ಕ್ಯಾಟಲಾಗ್ ಆಯಿತು’ ಅನ್ನುತ್ತಾರೆ.

ನಿಜವಾದ ಕ್ಯಾಟಲಾಗಿಂಗ್ ಶುರುವಾಗುವುದು ಪುಸ್ತಕವನ್ನು ತೆರೆದಾಗ. ರಕ್ಷಾಪುಟದ ಮೇಲಿನ ಹೆಸರನ್ನು ನಾವು ನಂಬುವುದಿಲ್ಲ, ಒಳಗಿನ ಹೆಸರುಪುಟವೇ ಪ್ರಮಾಣ. ಕನ್ನಡ ಪುಸ್ತಕಗಳಲ್ಲಿ ಎರಡೂ ಬೇರೆಯಾಗಿರುವುದು ಅಪರೂಪವೇನಲ್ಲ. ಹೊರಗೆ ದೊಡ್ಡದಾಗಿ ಎರಡು ಪದ ಇರುತ್ತದೆ, ಒಳಗೆ ಅದರ ಜೊತೆ ಉದ್ದದ ಉಪಶೀರ್ಷಿಕೆ ಇರುತ್ತದೆ. ನಿಮ್ಮ ಕೆರೆ ಇರುವುದು ಆ ಉಪಶೀರ್ಷಿಕೆಯಲ್ಲೇ. ಅದನ್ನು ಬಿಟ್ಟರೆ ಪುಸ್ತಕವೇ ಹೋಯಿತು. ಹೆಸರುಪುಟದ ಬೆನ್ನಿಗೆ ನಮ್ಮ ಪ್ರಕಾಶಕರು ಕೊಡುವ ವಿವರ ನೋಡಿದ್ದೀರಲ್ಲ: 1/8 ಡೆಮಿ, 70 ಜಿಎಸ್ಎಂ ಕಾಗದ, ಪುಟಗಳು 16+240. ಕಾಗದದ ತೂಕ ನಮಗೆ ಬೇಡ, ಪುಟಸಂಖ್ಯೆ ಬೇಕು, ಎತ್ತರವನ್ನು ನಾವೇ ಅಳೆದು ಸೆಂಟಿಮೀಟರ್‌ನಲ್ಲಿ ಬರೆಯುತ್ತೇವೆ. ಮೊದಲ ಮುದ್ರಣವೋ ಮರುಮುದ್ರಣವೋ ಪರಿಷ್ಕೃತ ಆವೃತ್ತಿಯೋ ಅಂತ ನೋಡುತ್ತೇವೆ. ಸಂಶೋಧಕರಿಗೆ ಇದು ಎಷ್ಟು ಮುಖ್ಯ ಅಂತ ನಿಮಗೆ ಗೊತ್ತು. ಪರಿಷ್ಕೃತ ಆವೃತ್ತಿಯಲ್ಲಿ ಒಂದು ಅಧ್ಯಾಯವೇ ಹೆಚ್ಚಿರಬಹುದು.

ಇದನ್ನೆಲ್ಲ ತುಂಬುವ ಚೌಕಟ್ಟಿನ ಹೆಸರು ಮಾರ್ಕ್. 1960ರ ದಶಕದಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಹೆನ್ರಿಯೆಟ್ ಅವ್ರಾಮ್ ಅನ್ನುವ ಪ್ರೋಗ್ರಾಮರ್ ಮುಂದೆ ನಿಂತು ರೂಪಿಸಿದ್ದು. ಆಗ ಕಾರ್ಡ್ ಮೇಲಿದ್ದ ವಿವರವನ್ನು ಯಂತ್ರ ಓದುವ ಹಾಗೆ ಮಾಡಬೇಕಿತ್ತು. ಅದಕ್ಕೆ ಪ್ರತಿ ವಿವರಕ್ಕೂ ಮೂರು ಅಂಕಿಯ ಟ್ಯಾಗ್ ಕೊಟ್ಟರು. 100 ಅಂದರೆ ಲೇಖಕರು, 245 ಶೀರ್ಷಿಕೆ, 300 ಪುಟ ಮತ್ತು ಅಳತೆ, 650 ವಿಷಯ. ನಮ್ಮ ಸೆಕ್ಷನ್‌ನಲ್ಲಿ ‘245 ನೋಡಮ್ಮ’ ಅಂದರೆ ಹೆಸರು ಸರಿಯಿದೆಯಾ ನೋಡು ಅಂತ. ಇವುಗಳಲ್ಲಿ ನನಗೆ ತುಂಬ ಪ್ರೀತಿಯ ಟ್ಯಾಗ್ 880. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅದೇ ವಿವರವನ್ನು ಮೂಲ ಲಿಪಿಯಲ್ಲೂ ಬರೆದು ಎರಡನ್ನೂ ಗಂಟು ಹಾಕುವ ಜಾಗ ಅದು. ಅಂದರೆ ಕನ್ನಡದಲ್ಲಿ ಹುಡುಕಿದವರಿಗೂ ಸಿಗಬೇಕು, ಕನ್ನಡ ಕೀಲಿಮಣೆ ಬಾರದವರಿಗೂ ಸಿಗಬೇಕು ಅನ್ನುವುದಕ್ಕೆ ದಾರಿ ಯಾವಾಗಿನಿಂದಲೋ ಇದೆ. ನ್ಯೂಜಿಲೆಂಡ್‌ನ ಸಣ್ಣ ಸಾರ್ವಜನಿಕ ಲೈಬ್ರರಿಗಳಿಗಾಗಿ ಹುಟ್ಟಿದ ‘ಕೋಹಾ’ ಅನ್ನುವ ಲೈಬ್ರರಿ ತಂತ್ರಾಂಶ ಇವತ್ತು ನಮ್ಮಲ್ಲೂ ಬಹಳ ಕಡೆ ಇದೆ. ದುಡ್ಡು ಕೊಡಬೇಕಾಗಿಲ್ಲ, ಮಾವೊರಿ ಭಾಷೆಯಲ್ಲಿ ಆ ಹೆಸರಿಗೆ ಕೊಡುಗೆ ಅಂತಲೇ ಅರ್ಥ. ಅದರಲ್ಲೂ ಆ ಜಾಗ ಇದೆ. ತುಂಬುವ ಕೈ ಬೇಕು ಅಷ್ಟೇ.

ಈಗ ಪುಸ್ತಕಗಳು ಒಂದೊಂದು ಮೂಲೆಯಲ್ಲಿ ಯಾಕೆ ಸಿಕ್ಕವು ಅನ್ನುವುದು. ಪುಸ್ತಕ ಒಂದು ವಸ್ತು, ಅದನ್ನು ಒಂದೇ ಕಡೆ ಇಡಲು ಸಾಧ್ಯ. ಆದರೆ ಅದರ ವಿಷಯ ನಾಲ್ಕು ಕಡೆ ಸಲ್ಲಬಹುದು. ನಾನು ಕಂಡ ಲೈಬ್ರರಿಗಳಲ್ಲಿ ಜಾಸ್ತಿ ಬಳಸುವುದು ಡ್ಯೂಯಿ ದಶಮಾಂಶ ಪದ್ಧತಿ, ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಮೊದಲು ಪ್ರಕಟಿಸಿದ್ದು. ಅದರ ಪ್ರಕಾರ ಕೆರೆಯನ್ನು ನೀರಿನ ಸಂಪನ್ಮೂಲ ಅಂತ ನೋಡಿದರೆ 333.91. ಕೆರೆಯ ಮೀನು, ಹಕ್ಕಿ, ಪಾಚಿಯ ಬದುಕು ಅಂತ ನೋಡಿದರೆ 577.63. ಏರಿ, ತೂಬು, ಕೋಡಿ ಕಟ್ಟುವ ಎಂಜಿನಿಯರಿಂಗ್ ಅಂತಾದರೆ 627. ಕರ್ನಾಟಕದ ಇತಿಹಾಸದ ಭಾಗವಾಗಿ ಬರೆದಿದ್ದರೆ 954.87. ಕೆರೆ ಮುಚ್ಚಿದ ಊರಿನ ಕಥೆ ಹೇಳುವ ಕನ್ನಡ ಕಾದಂಬರಿಯಾದರೆ 894.8143. ನಡುವೆ ನೂರಾರು ಕಪಾಟು. ಹೀಗಾಗಿ ಕಪಾಟು ಯಾವತ್ತೂ ಅರ್ಧ ಸತ್ಯವನ್ನೇ ಹೇಳುತ್ತದೆ. ಚದುರಿಹೋದದ್ದನ್ನು ಮತ್ತೆ ಒಂದೆಡೆ ತರಬೇಕಾದ್ದು ಕ್ಯಾಟಲಾಗ್‌ನ ವಿಷಯ ಸೂಚಿ. ನಿಮ್ಮ ವಿಷಯದಲ್ಲಿ ಅದೇ ಕೈಕೊಟ್ಟಿದೆ.

ಆ ನಂಬರುಗಳಲ್ಲಿ ಒಂದು ಸಂಗತಿ ಗಮನಿಸಿ. ಇಂಗ್ಲಿಷ್ ಸಾಹಿತ್ಯಕ್ಕೆ ಡ್ಯೂಯಿಯಲ್ಲಿ 820 ಅಂತ ಮೂರೇ ಅಂಕಿ. ಸಾವಿರ ವರ್ಷ ಮೀರಿದ ನಮ್ಮ ಸಾಹಿತ್ಯಕ್ಕೆ 894.814. ಐರೋಪ್ಯ ಭಾಷೆಗಳಿಗೆ ಒಂದೊಂದು ಕೋಣೆ ಹಂಚಿದ ಮೇಲೆ ಉಳಿದ ಜಗತ್ತನ್ನೆಲ್ಲ 890ರಲ್ಲಿ ತುರುಕಿದ್ದರ ಫಲ ಅದು. ದ್ರಾವಿಡ ಭಾಷೆಗಳು ಅದರ ಒಳಗಿನ ಒಳಗೆ. ಕಾದಂಬರಿಗೆ ಇನ್ನೊಂದು ಅಂಕಿ, ಕಾಲಕ್ಕೆ ಇನ್ನೊಂದು. ತೆಳ್ಳಗಿನ ಕವನ ಸಂಕಲನದ ಬೆನ್ನಿನ ಮೇಲೆ ಆ ಲೇಬಲ್ ಹಿಡಿಸುವುದೇ ಇಲ್ಲ.

ಇದನ್ನೆಲ್ಲ ಪ್ರಶ್ನೆ ಮಾಡಿದವರು ನಮ್ಮ ಊರಲ್ಲೇ ಇದ್ದರು ಅನ್ನುವುದು ನನಗೆ ಹೆಮ್ಮೆಯ ವಿಷಯ. ಎಸ್‌.ಆರ್‌. ರಂಗನಾಥನ್ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು, ಕೆಲಸ ಕಲಿಯಲು ಲಂಡನ್‌ಗೆ ಹೋದರು. ಅಲ್ಲಿ ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ನೋಡಿದರು. ಅವೇ ಪಟ್ಟಿ, ಅವೇ ಬೋಲ್ಟು ನಟ್ಟು, ಜೋಡಿಸಿದ ಹಾಗೆ ಬೇರೆ ಬೇರೆ ಆಟಿಕೆ. ವಿಷಯಗಳನ್ನೂ ಹೀಗೇ ಯಾಕೆ ಜೋಡಿಸಬಾರದು ಅನ್ನಿಸಿತು. ಮೊದಲೇ ಎಲ್ಲ ಕೋಣೆ ಕಟ್ಟಿಟ್ಟು ಪುಸ್ತಕವನ್ನು ಅದರೊಳಗೆ ತಳ್ಳುವ ಬದಲು, ಪುಸ್ತಕ ಯಾವುದರ ಬಗ್ಗೆ, ಅದರಲ್ಲಿ ನಡೆಯುವ ಕ್ರಿಯೆ ಯಾವುದು, ಯಾವ ಜಾಗ, ಯಾವ ಕಾಲ ಅಂತ ಮುಖಗಳನ್ನು ಬಿಡಿಸಿ, ಆಮೇಲೆ ಜೋಡಿಸುವುದು. 1933ರಲ್ಲಿ ಬಂದ ಅವರ ಕೋಲನ್ ವರ್ಗೀಕರಣ ಇದೇ. ನಿಮ್ಮ ಪಿಎಚ್‌.ಡಿ. ವಿಷಯವನ್ನೇ ಹಾಕಿ ನೋಡಿ. ಕೆರೆ, ಅದರ ನಿರ್ವಹಣೆ, ಬೆಂಗಳೂರು, 19ನೇ ಶತಮಾನ. ಒಂದೊಂದು ಮುಖವೂ ಒಂದೊಂದು ಬಾಗಿಲು. ಇವತ್ತು ಆನ್‌ಲೈನ್ ಅಂಗಡಿಯಲ್ಲಿ ಸೀರೆ ಹುಡುಕುವಾಗ ಬಣ್ಣ, ಬೆಲೆ, ನೂಲು ಅಂತ ಎಡಗಡೆ ಟಿಕ್ ಮಾಡುತ್ತೀರಲ್ಲ, ಅದರ ಹಿಂದೆ ಇರುವುದೂ ಇದೇ ಬಗೆಯ ಯೋಚನೆ. ಕೊನೆಯ ವರ್ಷಗಳಲ್ಲಿ ಅವರು ಬೆಂಗಳೂರಿನಲ್ಲೇ ನೆಲೆಸಿದರು, 1962ರಲ್ಲಿ ಇಲ್ಲಿ ಲೈಬ್ರರಿ ಕ್ಷೇತ್ರದ ಸಂಶೋಧನೆ, ತರಬೇತಿಯ ಸಂಸ್ಥೆ ಡಿಆರ್‌ಟಿಸಿ ಶುರು ಮಾಡಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಆ ಸಂಸ್ಥೆ ಈಗಲೂ ಮೈಸೂರು ರಸ್ತೆಯ ಐಎಸ್ಐ (ಭಾರತೀಯ ಸಾಂಖ್ಯಿಕ ಸಂಸ್ಥೆ) ಆವರಣದಲ್ಲಿದೆ. ನಮ್ಮ ಕ್ಷೇತ್ರದವರಿಗೆ ಅದು ತವರುಮನೆ ಇದ್ದ ಹಾಗೆ.

ವಿಷಯ ಸೂಚಿಗೆ ಬರುತ್ತೇನೆ, ಯಾಕೆಂದರೆ ನಿಮಗೆ ಹೆಚ್ಚು ಉಪಯೋಗ ಆಗುವುದು ಇಲ್ಲೇ. ಲೇಖಕರು ತಮಗೆ ತೋಚಿದ ಪದ ಬಳಸುತ್ತಾರೆ. ಒಬ್ಬರು ಕೆರೆ ಅನ್ನುತ್ತಾರೆ, ಒಬ್ಬರು ಜಲಮೂಲ, ಇನ್ನೊಬ್ಬರು ಜಲಾಶಯ, ಮತ್ತೊಬ್ಬರು ಸರೋವರ. ಕಟ್ಟೆ, ಕುಂಟೆ, ಅಮಾನಿಕೆರೆ, ಸಮುದ್ರ ಎಲ್ಲ ನಮ್ಮ ಕೆರೆಗಳ ಹೆಸರುಗಳೇ. ಕ್ಯಾಟಲಾಗರ್ ಇವೆಲ್ಲವನ್ನೂ ಒಂದು ಗೊತ್ತಾದ ಪದದ ಅಡಿ ತರಬೇಕು, ಉಳಿದ ಪದಗಳಿಂದ ಅಲ್ಲಿಗೆ ಕೈಮರ ಹಾಕಬೇಕು. ಆ ಗೊತ್ತಾದ ಪದವನ್ನು ಸಬ್ಜೆಕ್ಟ್ ಹೆಡಿಂಗ್ ಅನ್ನುತ್ತೇವೆ. ಕನ್ನಡ ಪುಸ್ತಕಕ್ಕೂ ಅದನ್ನು ಸಾಮಾನ್ಯವಾಗಿ ಇಂಗ್ಲಿಷ್‌ನಲ್ಲೇ ಕೊಡುವುದು ರೂಢಿ. ಅದಕ್ಕೇ ಕನ್ನಡ ಪುಸ್ತಕ ಹುಡುಕುವಾಗಲೂ ವಿಷಯದ ಜಾಗದಲ್ಲಿ ಒಮ್ಮೆ ಇಂಗ್ಲಿಷ್ ಪದ ಕೊಟ್ಟು, ಭಾಷೆಯ ಜಾಗದಲ್ಲಿ ಕನ್ನಡ ಆರಿಸಿ ನೋಡಿ. ‘ಲೇಕ್’ ಒಂದನ್ನೇ ಕೊಟ್ಟರೆ ಸಾಲದು. ಬ್ರಿಟಿಷರ ಕಾಲದ ದಾಖಲೆಗಳಲ್ಲಿ, ಮೈಸೂರು ಸರ್ಕಾರದ ವರದಿಗಳಲ್ಲಿ ನಮ್ಮ ಕೆರೆಗೆ ‘ಟ್ಯಾಂಕ್’ ಅಂತಲೇ ಹೆಸರು. ಸ್ಯಾಂಕಿ ಕೆರೆ ಇವತ್ತಿಗೂ ಸ್ಯಾಂಕಿ ಟ್ಯಾಂಕ್. ಮೆಜೆಸ್ಟಿಕ್ ಬಸ್ ನಿಲ್ದಾಣವಾದ ಧರ್ಮಾಂಬುಧಿ, ಕಂಠೀರವ ಕ್ರೀಡಾಂಗಣವಾದ ಸಂಪಂಗಿ ಕೆರೆ, ಎರಡೂ ಹಳೆಯ ಕಾಗದದಲ್ಲಿ ಟ್ಯಾಂಕೇ. ಆದರೆ ಆ ಪದವನ್ನು ಸುಮ್ನೆ ಕೊಟ್ಟರೆ ನೀರಿನ ತೊಟ್ಟಿಯೂ ಬರುತ್ತದೆ, ಯುದ್ಧದ ಟ್ಯಾಂಕೂ ಬರುತ್ತದೆ. ಜೊತೆಗೆ ನೀರಾವರಿ ಅಥವಾ ಮೈಸೂರು ಅಂತ ಇನ್ನೊಂದು ಪದ ಸೇರಿಸಿ.

ಮೈಸೂರು ಅಂದೆ. ಇದೂ ಒಂದು ಗಂಟು. ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1ರಂದು. ಅದಕ್ಕೆ ಮುಂಚಿನ ಸರ್ಕಾರಿ ವರದಿಗೆ ‘ಲೇಖಕರು’ ಮೈಸೂರು ಸರ್ಕಾರ, ನಂತರದ್ದಕ್ಕೆ ಕರ್ನಾಟಕ ಸರ್ಕಾರ. ಒಂದೇ ಇಲಾಖೆಯ ವಾರ್ಷಿಕ ವರದಿಗಳು ಕ್ಯಾಟಲಾಗ್‌ನಲ್ಲಿ ಎರಡು ಕಡೆ ಇರುತ್ತವೆ. ಇದು ತಪ್ಪಲ್ಲ, ಹಾಗೇ ಇರಬೇಕು. ಆದರೆ ಎರಡರ ನಡುವೆ ‘ಅದನ್ನೂ ನೋಡಿ’ ಅನ್ನುವ ಕೊಂಡಿ ಇರಲೇಬೇಕು.

ವ್ಯಕ್ತಿಗಳ ಹೆಸರಂತೂ ಇನ್ನೂ ಕಷ್ಟ. ಇಂಗ್ಲಿಷ್ ನಿಯಮ ಮನೆತನದ ಹೆಸರನ್ನು ಮುಂದೆ ತನ್ನಿ ಅನ್ನುತ್ತದೆ. ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ. ಊರು, ತಂದೆ, ಆಮೇಲೆ ಸ್ವಂತ ಹೆಸರು. ರಂಗನಾಥನ್ ಅವರದ್ದೇ ನೋಡಿ: ಶಿಯಾಳಿ ಊರು, ರಾಮಾಮೃತ ತಂದೆ, ರಂಗನಾಥನ್ ಅವರು. ಅದಕ್ಕೇ 1934ರಲ್ಲಿ ಬರೆದ ತಮ್ಮ ಕ್ಯಾಟಲಾಗ್ ನಿಯಮಗಳಲ್ಲಿ ಅವರು ಭಾರತೀಯ ಹೆಸರುಗಳಿಗೆ ಬೇರೆಯೇ ಜಾಗ ಕೊಟ್ಟರು. ಮುಖ್ಯ ಹೆಸರು ಮೊದಲು, ಇನಿಷಿಯಲ್ ಆಮೇಲೆ. ಇದನ್ನು ತಿಳಿಯದೆ ಯಾರೋ ‘ಕೆ.’ ಇಂದ ಶುರು ಮಾಡಿದರೆ, ಇನ್ಯಾರೋ ‘ರಾವ್’ ಇಂದ ಶುರು ಮಾಡಿದರೆ ಒಬ್ಬ ಲೇಖಕರು ಮೂವರಾಗುತ್ತಾರೆ. ಮೇಲೆ ಕಾವ್ಯನಾಮ ಬೇರೆ. ಕುವೆಂಪು, ಕೆ.ವಿ. ಪುಟ್ಟಪ್ಪ, ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಮೂರೂ ಒಬ್ಬರೇ ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಯಂತ್ರಕ್ಕೆ ಯಾರಾದರೂ ಹೇಳಬೇಕು. ಮಾಸ್ತಿ ಅವರ ‘ಶ್ರೀನಿವಾಸ’ ಇನ್ನೂ ಕಷ್ಟ, ಆ ಹೆಸರಿನ ಲೇಖಕರು ಎಷ್ಟು ಜನ ಇಲ್ಲ? ಒಬ್ಬೊಬ್ಬರಿಗೂ ಒಂದು ಖಾತೆ ತೆರೆದು, ಒಪ್ಪಿದ ಹೆಸರು, ಬೇರೆ ರೂಪಗಳು, ಹುಟ್ಟಿದ ವರ್ಷ ಬರೆದಿಡುವುದಕ್ಕೆ ಅಥಾರಿಟಿ ಫೈಲ್ ಅನ್ನುತ್ತೇವೆ. ಇದು ಯಾರ ಕಣ್ಣಿಗೂ ಬೀಳದ ಕೆಲಸ. ಬಜೆಟ್ ಕಡಿತ ಆದಾಗ ಮೊದಲು ನಿಲ್ಲುವುದೂ ಇದೇ. ಹಾಗೆ ನಿಂತ ವರ್ಷ ಸೇರಿದ ಪುಸ್ತಕಗಳೆಲ್ಲ ಮುಂದೆ ಅನಾಥವಾಗುತ್ತವೆ.

ನನಗೆ ತುಂಬ ಖುಷಿ ಕೊಡುವ ಕೆಲಸ ಇಸವಿ ಕಂಡುಹಿಡಿಯುವುದು. ಹಳೆಯ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಸಲ ಇಸವಿಯೇ ಇರುವುದಿಲ್ಲ. ಇದ್ದರೂ ಶಕವರ್ಷ ಇರುತ್ತದೆ, ಅದಕ್ಕೆ 78 ಸೇರಿಸಿದರೆ ಇಸವಿ ಸಿಕ್ಕಿತು. ಬರಿಯ ಸಂವತ್ಸರದ ಹೆಸರಿದ್ದರೆ? ಮುನ್ನುಡಿಯ ಕೆಳಗೆ ‘ವಿಶ್ವಾವಸು ಸಂವತ್ಸರ, ವಿಜಯದಶಮಿ’ ಅಂತ ಇದೆ ಅಂದುಕೊಳ್ಳಿ. ಅರವತ್ತು ವರ್ಷಕ್ಕೊಮ್ಮೆ ಬರುವ ಹೆಸರು ಅದು. 1905 ಆಗಬಹುದು, 1965 ಆಗಬಹುದು. ಆಗ ಬೆಲೆ ನೋಡುತ್ತೇವೆ. ‘ಎಂಟು ಆಣೆ’ ಅಂತ ಇದ್ದರೆ 1905, ಯಾಕೆಂದರೆ 1957ರಲ್ಲಿ ಆಣೆ ಹೋಗಿ ದಶಮಾಂಶ ನಾಣ್ಯ ಬಂತು. ವಿಳಾಸ ನೋಡುತ್ತೇವೆ. ‘ಬೆಂಗಳೂರು 560 018’ ಅಂತ ಆರಂಕಿಯ ಪಿನ್ ಇದ್ದರೆ ಆ ಮುದ್ರಣ 1972ಕ್ಕಿಂತ ಹಳೆಯದಲ್ಲ, ಪಿನ್ ಕೋಡ್ ಬಂದದ್ದೇ ಆಗ. ಮುನ್ನುಡಿ 1965ರದ್ದು, ವಿಳಾಸ 1972ರ ಆಚೆಯದು ಅಂದರೆ ಕೈಯಲ್ಲಿರುವುದು ಮರುಮುದ್ರಣ, ಪ್ರಕಾಶಕರು ಹೇಳಿಲ್ಲ ಅಷ್ಟೇ. ಹೀಗೆ ಊಹಿಸಿದ ಇಸವಿಯನ್ನು ಚೌಕ ಕಂಸದಲ್ಲಿ ಪ್ರಶ್ನಾರ್ಥಕ ಹಾಕಿ ಬರೆಯುತ್ತೇವೆ. ಕ್ಯಾಟಲಾಗ್‌ನಲ್ಲಿ ಅಂಥ ಕಂಸ ಕಂಡರೆ ಅದರ ಹಿಂದೆ ಯಾರೋ ಒಬ್ಬರು ಅರ್ಧ ದಿನ ಕೂತಿದ್ದರು ಅಂತ ತಿಳಿಯಿರಿ. ಪ್ರಬಂಧದಲ್ಲಿ ಉಲ್ಲೇಖಿಸುವಾಗ ಆ ಪ್ರಶ್ನಾರ್ಥಕವನ್ನು ದಯವಿಟ್ಟು ಕೈಬಿಡಬೇಡಿ.

ಇನ್ನು ಅಭಿನಂದನ ಗ್ರಂಥಗಳು. ಕನ್ನಡದ ಸಂಶೋಧನೆಯ ಎಷ್ಟೋ ಒಳ್ಳೆಯ ಲೇಖನ ಇವುಗಳ ಹೊಟ್ಟೆಯಲ್ಲಿವೆ. ಒಬ್ಬ ಪ್ರಾಧ್ಯಾಪಕರಿಗೆ ಅರವತ್ತು ತುಂಬಿತು ಅಂತ ಐವತ್ತು ಜನ ಐವತ್ತು ಲೇಖನ ಬರೆಯುತ್ತಾರೆ. ಅದರಲ್ಲಿ ಒಂದು ಯಾವುದೋ ಕೆರೆ ಶಾಸನದ ಬಗ್ಗೆ ಇರುತ್ತದೆ. ಕ್ಯಾಟಲಾಗ್‌ನಲ್ಲಿ ಪುಸ್ತಕದ ಹೆಸರು, ಸಂಪಾದಕರ ಹೆಸರು ಮಾತ್ರ. ಪರಿವಿಡಿಯನ್ನು ಪೂರ್ತಿ ಟೈಪ್ ಮಾಡಲು 505 ಅನ್ನುವ ಟ್ಯಾಗ್ ಇದೆ. ಒಂದು ಗ್ರಂಥಕ್ಕೆ ಒಂದು ಗಂಟೆ ಬೇಕು. ನಾನು ನನ್ನ ಕಿರಿಯರಿಗೆ ಯಾವಾಗಲೂ ಹೇಳುವುದು, ಇಂಗ್ಲಿಷ್ ಪಠ್ಯಪುಸ್ತಕದ ವಿವರ ಎಲ್ಲಿಂದ ಬೇಕಾದರೂ ನಕಲು ಮಾಡಿಕೊಳ್ಳಿ, ಉಳಿದ ಗಂಟೆಯನ್ನು ಇದಕ್ಕೆ ಕೊಡಿ ಅಂತ. ನಕಲು ಅಂದರೆ ಕೆಟ್ಟದ್ದಲ್ಲ. ಲೈಬ್ರರಿಗಳು ಒಬ್ಬರ ವಿವರವನ್ನು ಇನ್ನೊಬ್ಬರು ಇಳಿಸಿಕೊಳ್ಳುವುದು ಒಪ್ಪಿತ ಪದ್ಧತಿ.

ನಕಲು ಅಂದಾಗ ನೆನಪಾಯಿತು, ನಿಮ್ಮಂಥವರಿಗೆ ಇದು ತುಂಬ ಉಪಯೋಗ. 1962ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ದೆಹಲಿಯಲ್ಲಿ ಒಂದು ಕಚೇರಿ ತೆರೆಯಿತು. ಪಿಎಲ್-480 ಅನ್ನುವ ಅಮೆರಿಕದ ಕಾನೂನಿನಡಿ ಬಂದ ಗೋಧಿಗೆ ನಾವು ಕೊಟ್ಟ ರೂಪಾಯಿಯಲ್ಲೇ ಕನ್ನಡವೂ ಸೇರಿ ನಮ್ಮ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ಲೈಬ್ರರಿಗಳಿಗೆ ಕಳಿಸಿತು. ಅಲ್ಲಿ ಅವಕ್ಕೆ ಬರೆದ ವಿವರ ಎಷ್ಟೋ ಸಲ ನಮ್ಮದಕ್ಕಿಂತ ಪೂರ್ಣವಾಗಿರುತ್ತದೆ. ಅವರ ಕ್ಯಾಟಲಾಗ್‌ನಲ್ಲಿ ಪುಸ್ತಕದ ಸರಿಯಾದ ಹೆಸರು, ಲೇಖಕರು, ಇಸವಿ ಹಿಡಿದುಕೊಂಡು, ಆಮೇಲೆ ಇಲ್ಲಿ ಹುಡುಕಿ. ಪಿಎಚ್‌.ಡಿ. ಪ್ರಬಂಧಗಳಿಗೆ ಶೋಧಗಂಗಾ, ನಮ್ಮ ದೇಶದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಸಂಗ್ರಹ, ನಿಮಗೆ ಗೊತ್ತೇ ಇರುತ್ತದೆ. ಅಲ್ಲಿ ವಿಷಯದಿಂದ ಸಿಗದಿದ್ದರೆ ಮಾರ್ಗದರ್ಶಕರ ಹೆಸರಿನಿಂದ ಹುಡುಕಿ. ಕೆರೆಯ ಬಗ್ಗೆ ಒಬ್ಬ ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡಿದವರು ಇನ್ನೊಬ್ಬರಿಗೂ ಮಾಡಿರುತ್ತಾರೆ.

ಒಂದು ನೋವನ್ನೂ ಹೇಳಿಬಿಡುತ್ತೇನೆ. ನಾನು ಕೆಲಸ ಮಾಡಿದ ಒಂದು ಲೈಬ್ರರಿಯಲ್ಲಿ ಕನ್ನಡ ಪುಸ್ತಕಗಳಿಗೆ ಪ್ರತ್ಯೇಕ ಕಾರ್ಡ್ ಬೀರು ಇತ್ತು. ಅಕಾರಾದಿಯಲ್ಲಿ ಜೋಡಿಸಿದ ಕಾರ್ಡುಗಳು, ಮುದ್ದಾದ ಕೈಬರಹ. ಹಿಂದಿನ ಕ್ಯಾಟಲಾಗರ್ ಒಬ್ಬರು ಪ್ರತಿ ಕಾರ್ಡಿನ ಕೆಳಗೆ ‘ಈ ಪುಸ್ತಕದಲ್ಲಿ ನಕ್ಷೆ ಇದೆ’, ‘ಇದರೊಂದಿಗೆ ಇನ್ನೆರಡು ಕಿರುಹೊತ್ತಿಗೆ ಕಟ್ಟಲಾಗಿದೆ’ ಅಂತ ಟಿಪ್ಪಣಿ ಬರೆದಿದ್ದರು. ಗಣಕೀಕರಣದ ಗುತ್ತಿಗೆಯನ್ನು ಹೊರಗಿನವರಿಗೆ ಕೊಟ್ಟರು, ಕಾರ್ಡಿಗೆ ಇಷ್ಟು ರೂಪಾಯಿ ಅಂತ. ಟಿಪ್ಪಣಿ ಟೈಪ್ ಮಾಡಿದರೆ ಜಾಸ್ತಿ ದುಡ್ಡಿಲ್ಲ, ಹಾಗಾಗಿ ಯಾರೂ ಮಾಡಲಿಲ್ಲ. ಕೆಲಸ ಮುಗಿದ ಮೇಲೆ ಬೀರುವನ್ನು ಕಾರ್ಡ್ ಸಮೇತ ಗುಜರಿಗೆ ಹಾಕಿದರು. ನಾನು ರಜೆಯಿಂದ ವಾಪಸ್ ಬರುವಷ್ಟರಲ್ಲಿ ಖಾಲಿ ಗೋಡೆ. ಆ ಕಿರುಹೊತ್ತಿಗೆಗಳು ಇವತ್ತೂ ಅಲ್ಲೇ ಯಾವುದೋ ರಟ್ಟಿನೊಳಗೆ ಇವೆ. ಎಲ್ಲಿ ಅಂತ ಹೇಳುವ ಕಾರ್ಡ್ ಮಾತ್ರ ಇಲ್ಲ. ನಿಮ್ಮ ಲೈಬ್ರರಿಯಲ್ಲಿ ಹಳೆಯ ಕಾರ್ಡ್ ಬೀರು ಇನ್ನೂ ಇದ್ದರೆ ಕಂಪ್ಯೂಟರ್‌ಗಿಂತ ಮೊದಲು ಅದನ್ನು ನೋಡಿ. ಇರಿಸಿಕೊಳ್ಳಿ ಅಂತ ಲೈಬ್ರರಿಯನ್‌ಗೆ ಹೇಳಿ ಕೂಡ.

ಈಗ ತಾತನ ಟ್ರಂಕ್. ದಯವಿಟ್ಟು ಇದನ್ನು ನಿಧಾನವಾಗಿ ಓದಿ.

ಕಾಗದಪತ್ರವನ್ನು ಪುಸ್ತಕದ ಹಾಗೆ ಒಂದೊಂದಾಗಿ ಕ್ಯಾಟಲಾಗ್ ಮಾಡುವುದಿಲ್ಲ. ಅದು ಆರ್ಕೈವ್ಸ್, ಅಂದರೆ ದಾಖಲೆಗಳನ್ನು ಕಾಪಾಡುವ ವಿಭಾಗದ ಕೆಲಸ, ಅದರ ಧರ್ಮವೇ ಬೇರೆ. ಅಲ್ಲಿ ಎರಡು ನಿಯಮ. ಯಾರಿಂದ ಬಂತೋ ಅವರದ್ದನ್ನು ಬೇರೆಯವರದ್ದರ ಜೊತೆ ಬೆರೆಸಬಾರದು. ಅವರು ಇಟ್ಟಿದ್ದ ಕ್ರಮವನ್ನು ಕೆಡಿಸಬಾರದು. ಹಾಗಾಗಿ ನೀವು ಒಳ್ಳೆಯ ಮನಸ್ಸಿನಿಂದ ಎಲ್ಲವನ್ನೂ ತೆಗೆದು, ರಸೀದಿ ಒಂದು ಕಡೆ, ಪತ್ರ ಒಂದು ಕಡೆ, ತಾರೀಕಿನ ಪ್ರಕಾರ ಜೋಡಿಸಬೇಡಿ. ಕಂದಾಯದ ರಸೀದಿಯೂ, ನೀರು ಬಿಡುವ ಸರದಿಯ ಚೀಟಿಯೂ, ನೀರುಗಂಟಿಯ ಅರ್ಜಿಯೂ ಒಂದೇ ದಾರದಲ್ಲಿ ಕಟ್ಟಿದ್ದರೆ ಅದಕ್ಕೆ ಕಾರಣ ಇರುತ್ತದೆ. ಬಹುಶಃ ಅವೆಲ್ಲ ಒಂದೇ ಜಗಳದ ಕಾಗದ. ದಾರ ಬಿಚ್ಚಿದರೆ ಆ ಜಗಳ ಶಾಶ್ವತವಾಗಿ ಕಳೆದುಹೋಗುತ್ತದೆ. ಕಪ್ಪು ಬಟ್ಟೆಯ ಕಡತ ಇದ್ದರೆ ಅದನ್ನು ಒರೆಸಲೇಬೇಡಿ, ಅದರ ಮೇಲಿನ ಬಳಪದ ಬರಹ ಒದ್ದೆ ಬಟ್ಟೆಗೆ ಹೊರಟುಹೋಗುತ್ತದೆ.

ಲೈಬ್ರರಿಯವರು ಮಾಡಬೇಕಾದ್ದು ಇಷ್ಟು. ಮೊದಲು ಇಡೀ ಸಂಗ್ರಹಕ್ಕೆ ಒಂದು ವಿವರ: ಯಾರದ್ದು, ಯಾವ ಊರು, ಯಾವ ಕಾಲ, ಎಷ್ಟಿದೆ, ಯಾವ ಲಿಪಿ, ಹೇಗೆ ಬಂತು. ಆಮೇಲೆ ಅದರೊಳಗಿನ ಗುಂಪುಗಳು, ಅವುಗಳೊಳಗಿನ ಕಟ್ಟುಗಳು. ತೀರಾ ಮುಖ್ಯವಾದರೆ ಮಾತ್ರ ಬಿಡಿ ಕಾಗದ. ಹೊರಗಿನಿಂದ ಒಳಕ್ಕೆ ಹೀಗೆ ವಿವರಿಸಲು ಐಸ್ಯಾಡ್-ಜಿ ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ನಮ್ಮ ಊರಲ್ಲೇ ಬಳ್ಳಾರಿ ರಸ್ತೆಯ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ 2019ರಲ್ಲಿ ಶುರುವಾದ ಆರ್ಕೈವ್ಸ್ ಇದೆ, ವಿಜ್ಞಾನಕ್ಕೆ ಸಂಬಂಧಿಸಿದ ಸಂಗ್ರಹಗಳು ಅಲ್ಲಿವೆ. ಅವರ ಆನ್‌ಲೈನ್ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ, ಸಂಗ್ರಹದ ವಿವರ ಅಂದರೆ ಹೇಗಿರುತ್ತದೆ ಅಂತ ಅಂದಾಜು ಸಿಗುತ್ತದೆ. ಆಮೇಲೆ ನೀವು ಕೊಡಬೇಕು ಅಂದುಕೊಂಡ ಲೈಬ್ರರಿಗೆ ಹೋಗಿ ಮೂರು ಪ್ರಶ್ನೆ ಕೇಳಿ. ಒಟ್ಟಿಗೆ ಒಂದೇ ಹೆಸರಿನಲ್ಲಿ ಇಡುತ್ತೀರಾ? ಪಟ್ಟಿ ಮಾಡುವವರು ಯಾರು, ಯಾವಾಗ? ಆ ಪಟ್ಟಿ ಹೊರಗಿನವರಿಗೆ ಕಾಣುತ್ತದಾ? ಉತ್ತರವನ್ನು ದಾನಪತ್ರದಲ್ಲಿ ಬರೆಸಿಕೊಳ್ಳಿ. ‘ಕೊಡಿ, ನೋಡೋಣ’ ಅಂದರೆ ಟ್ರಂಕ್ ಮನೆಯಲ್ಲೇ ಇರಲಿ.

ಕೊಡುವ ಮುಂಚೆ ನೀವೇ ಒಂದು ಕೆಲಸ ಮಾಡಿ, ಅದನ್ನು ಯಾವ ಕ್ಯಾಟಲಾಗರ್ ಕೂಡ ಮಾಡಲಾರರು. ಮನೆಯ ಹಿರಿಯರನ್ನು, ಅಜ್ಜಿ ಇದ್ದರೆ ಅಜ್ಜಿಯನ್ನು, ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಟ್ಟುಗಳನ್ನು ಬಿಚ್ಚದೆ ಮೇಲಿಂದ ಫೋಟೊ ತೆಗೆದು ತೋರಿಸಿ. ಇದು ಯಾರ ಕೈಬರಹ, ಈ ಹೆಸರಿನವರು ಯಾರು, ಈ ಕೆರೆ ಈಗ ಎಲ್ಲಿ, ಅದರ ಮೇಲೆ ಯಾವ ಬಡಾವಣೆ ಬಂದಿದೆ ಅಂತ ಕೇಳಿ ಬರೆದುಕೊಳ್ಳಿ. ಆ ಹಾಳೆಯ ಒಂದು ಪ್ರತಿಯನ್ನು ಟ್ರಂಕ್ ಒಳಗಿಡಿ, ಇನ್ನೊಂದನ್ನು ಲೈಬ್ರರಿಯವರ ಕೈಗೆ ಕೊಡಿ. ಹಾಗೆಯೇ ಸ್ಟ್ಯಾಕ್‌ನಲ್ಲಿ ನಿಮಗೆ ಸಿಕ್ಕ ಆ ಹತ್ತಾರು ಪುಸ್ತಕಗಳ ಅಕ್ಸೆಷನ್ ನಂಬರ್ ಬರೆದು, ‘ಇವೆಲ್ಲ ಕೆರೆಯ ಬಗ್ಗೆ ಇವೆ, ಹುಡುಕಿದರೆ ಸಿಗುತ್ತಿಲ್ಲ’ ಅಂತ ಟೆಕ್ನಿಕಲ್ ಸೆಕ್ಷನ್‌ಗೆ ಕೊಡಿ. ದೂರು ಅಂತ ಯಾರೂ ತಿಳಿಯುವುದಿಲ್ಲ. ನಮಗೆ ಅಂಥ ಚೀಟಿ ಬರುವುದೇ ಅಪರೂಪ. ಬಂದ ದಿನ ಉಳಿದ ಕೆಲಸ ಬದಿಗಿಟ್ಟು ಮೊದಲು ಅದನ್ನೇ ಸರಿ ಮಾಡುತ್ತೇವೆ.